ಬಲೆ ಬೀಸದ ವಾರ

ಡ್ರಮ್ಮಿನ ಒಂದು ಹಿಡಿ ಎತ್ತಿಕೊಂಡೇ ಅವಳು ನಾದಿನಿಗೆ ಇನ್ನೊಂದು ಹಿಡಿ ಹಿಡಿದುಕೋ ಎಂದಳು. ನಾದಿನಿ ಕೈಕಟ್ಟಿ ನಿಂತಳು. ಅಣ್ಣನನ್ನು ಮಣ್ಣು ಮಾಡಿ ಬಂದವರು ಇನ್ನೂ ಎದ್ದುಹೋಗಿಲ್ಲ, ಅಷ್ಟರಲ್ಲೇ ಅತ್ತಿಗೆಗೆ ಈ ಡ್ರಮ್ಮಿನ ಹುಳುಗಳ ಚಿಂತೆ, ಜನ ಆಡಿಕೊಳ್ಳುವುದಿಲ್ಲವೇ ಎಂದು ಅವಳ ತಕರಾರು.

"ಆಡ್ಕೊಳ್ಳಲಿ ಬಿಡು. ನಿಮ್ಮಣ್ಣ ಬದುಕಿದ್ದಾಗ ಆಡ್ಕೊಂಡಿದ್ದು ಸಾಲದಾ?"

ಆಡಿಕೊಂಡವರಲ್ಲಿ ತಾನೇ ಮೊದಲಿಗಳು ಎಂಬುದು ಹೇಳಿದ ಮೇಲೆ ಅವಳಿಗೆ ನೆನಪಾಯಿತು. ಕೊನೆಗೆ ಗಂಡನ ಜೀವದ ಗೆಳೆಯ ಮೀನುಗಾರನೇ ಅಂಗಳದ ಕುರ್ಚಿಯಿಂದ ಎದ್ದು ಬಂದ. ಏನೋ ಹೇಳಲು ಬಾಯಿ ತೆರೆದವನು ಸುಮ್ಮನೆ ಡ್ರಮ್ಮನ್ನು ವ್ಯಾನಿಗೇರಿಸಿದ.

*

ಹೋದ ವರ್ಷ ಊರಿಗೆ ನೀರು ಕೊಡುವ ಕೆರೆ ಬಣ್ಣ ಕಲಸಿದಂತೆ ಹಸಿರಾಗಿ ಪಾಚಿಗಟ್ಟಿತು. ಆ ವಿಷದ ನೀರು ಕುಡಿದು ಮೀನುಗಾರನ ನಾಯಿ ಸತ್ತಿತು. ಕೆರೆಯ ಕಾವಲುಗಾರನಾಗಿದ್ದ ಅವಳ ಗಂಡ ಅಂದಿನಿಂದ ಬಚ್ಚಲಲ್ಲಿ ಡ್ರಮ್ಮಿಟ್ಟು ನೀರುಚಿಗಟ ಸಾಕತೊಡಗಿದ. ಸಾಸಿವೆಗಿಂತ ಚಿಕ್ಕ ಜೀವ. ಎಳೆ ಪಾಚಿ ಸಿಕ್ಕರೆ ಹಗಲೂ ರಾತ್ರಿ ಮೇಯುತ್ತದೆ. ಮೀಯಲು ಜಾಗವಿಲ್ಲವೆಂದು ಅವಳು ಹರಿಹಾಯುತ್ತಿದ್ದಳು. ಚಿಗಟ ಸಾಕುವ ಗಂಡನೇ ನನ್ನ ಹಣೇಲಿ ಬರೆದಿತ್ತಾ ಎಂದರೆ ಅವನು ನಕ್ಕುಬಿಡುತ್ತಿದ್ದ.

ಹೋದ ವಾರ ಆಸ್ಪತ್ರೆ ಸೇರಿದಾಗ ಮಾತ್ರ ನಗಲಿಲ್ಲ. "ಪಾಚಿ ಬಲಿಯೋ ಮೊದ್ಲೇ ಇವನ್ನ ಕೆರೆಗೆ ಬಿಟ್ಬಿಡು. ಬಲಿತ್ರೆ ಇವು ತಿನ್ನಲ್ಲ, ಸಾಯ್ತವೆ," ಎಂದು ಅವಳಿಗೆ ಹೇಳಿದ. ಪಕ್ಕದಲ್ಲಿದ್ದ ಗೆಳೆಯನ ಕೈ ಹಿಡಿದು, ಅದಕ್ಕೂ ಮುಂಚೆ ದಡದ ಮರಿಮೀನನ್ನೆಲ್ಲ ಹಿಡಿದು ತೆಗೆ, ಇಲ್ಲದಿದ್ದರೆ ಅವು ಚಿಗಟವನ್ನೆಲ್ಲ ನುಂಗಿಬಿಡುತ್ತವೆ ಎಂದ. ಇಬ್ಬರೂ ತಲೆಯಾಡಿಸಿದ್ದರು.

*

ಕೆರೆಯಂಚು ಆಗಲೇ ತಿಳಿಹಸಿರಾಗಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಕೈಮೀರುತ್ತಿತ್ತು. ಇಬ್ಬರೂ ಸೇರಿ ಡ್ರಮ್ಮನ್ನು ವಾಲಿಸಿದರು. ಗಂಡನ ಕೆಲಸಕ್ಕೆ ಒಮ್ಮೆಯಾದರೂ ಕೈಜೋಡಿಸಿದೆನಲ್ಲ ಎಂದು ಅವಳು ನಿಟ್ಟುಸಿರಿಡುವಷ್ಟರಲ್ಲಿ ನೀರೊಳಗಿಂದ ಪುಟ್ಟಪುಟ್ಟ ಬಾಯಿಗಳು ಮೇಲೆದ್ದವು. ನೋಡನೋಡುತ್ತ ಅವು ನೂರಾರಾದವು.

"ಮರಿ ಹಿಡೀಲೇ ಇಲ್ವಾ ನೀನು?"

ಮೀನುಗಾರ ತಲೆಯೆತ್ತಲಿಲ್ಲ. "ಅವನು ಅಲ್ಲಿ ಉಸಿರಿಗೆ ಒದ್ದಾಡ್ತಿದ್ದ. ಇಲ್ಲಿ ಒಂದು ಜೀವಾನೂ ತೆಗೀಬಾರದು ಅನ್ನಿಸ್ತು. ಬಲೆ ಮುಟ್ಟಲೇ ಇಲ್ಲ. ಬೆಳಗಿಂದ ಹೇಳಬೇಕು ಅಂತಿದ್ದೆ, ಬಾಯಿ ಬರಲಿಲ್ಲ."

ಕೆನ್ನೆಗೆ ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು ಅವಳಿಗೆ. ಅಷ್ಟರಲ್ಲಿ ಅವನು ಇಸ್ತ್ರಿ ಮಾಡಿದ ಅಂಗಿಯಲ್ಲೇ ಸೊಂಟದಮಟ್ಟ ನೀರಿಗಿಳಿದು, ಎರಡೂ ಅಂಗೈಯಿಂದ ನೀರು ಬಡಿಯತೊಡಗಿದ್ದ. ಹೋಗಿ, ಹೋಗಿ ಎಂದು ಅಳುತ್ತಿದ್ದ. ಮರಿಗಳು ಚದುರಿದವು, ಅವನ ಬೆನ್ನ ಹಿಂದೆ ಮತ್ತೆ ಕೂಡಿದವು.

ಅವಳು ಚಪ್ಪಲಿ ಕಳಚಿ, ಮರಿಗಳು ಕೂಡಿದ್ದ ಆ ಬದಿಗೆ ನೀರಿಗಿಳಿದಳು.