ಕ್ಲಾರಿನೆಟ್ ಇಲ್ಲದ ಹಾಡು

ದೊಡ್ಡ ಡ್ರಮ್ಮು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗೆ ಅಕ್ಕನ ದೇಹ, ಸುತ್ತ ಕುರ್ಚಿಗಳಲ್ಲಿ ಕೂತ ಜನ. ಹೊರಗೆ ಮೆಟ್ಟಿಲ ಮೇಲೆ ಮಿಲ್ಲಿನ ಬ್ಯಾಂಡಿನಲ್ಲಿ ಅದನ್ನು ಬಾರಿಸುವ ಫಿಟ್ಟರ್, ಡ್ರಮ್ಮಿನ ಹಿಂದೆ ಮುಖವೇ ಕಾಣದೆ ಏದುಸಿರು ಬಿಡುತ್ತಿದ್ದ. ತಂಗಿ ಒಳಗಿನಿಂದ ಎಳೆಯುತ್ತಿದ್ದಳು.

"ಸ್ವಲ್ಪ ಓರೆ ಮಾಡಿ!"

"ಓರೆ ಮಾಡಿದ್ರೆ ಗೋಡೆ ಕೆರೆಯುತ್ತೆ."

"ಕೆರೀಲಿ ಬಿಡಿ. ಬೈಯೋಳೇ ಹೋದ್ಲು."

ಆಗ ಕೆಳಗಿನಿಂದ ಇನ್ನೆರಡು ಕೈಗಳು ಡ್ರಮ್ಮಿನ ಅಡಿಗೆ ಬಂದವು. ಡ್ರಮ್ಮು ಸಲೀಸಾಗಿ ಒಳಬಂತು, ಅದರ ಹಿಂದೆ ಮೀಸೆಯಣ್ಣ. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ ಕಾಗದದ ಮಿಲ್ಲಿನವರಿಗೆಲ್ಲ ಅವನು ಇವತ್ತಿಗೂ ಮೀಸೆಯಣ್ಣನೇ. ಮಿಲ್ಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು, ಅಕ್ಕನ ಜೊತೆ ಜಗಳವಾಡಿ ಬಿಟ್ಟುಹೋದವನು.

"ನೀವು ಬರ್ತೀರಿ ಅಂತ ಅಂದ್ಕೊಂಡಿರಲಿಲ್ಲ," ಎಂದಳು ತಂಗಿ.

"ನಾನೂ ಅಂದ್ಕೊಂಡಿರಲಿಲ್ಲ."

ಅಕ್ಕ ಹಗಲೆಲ್ಲ ಮಿಲ್ಲಿನ ಟೆಲಿಫೋನ್ ಆಪರೇಟರ್, ಸಂಜೆ ಬ್ಯಾಂಡಿನ ಅಕಾರ್ಡಿಯನ್. ಬದುಕಿನಲ್ಲಿ ಒಂದೇ ಒಂದು ದೊಡ್ಡ ಹಾಡು ಕಟ್ಟಿದ್ದಳು, ಮಾತಿಲ್ಲದ, ಬರೀ ವಾದ್ಯಗಳ ಹಾಡು. ಅದನ್ನು ನುಡಿಸಿಯೇ ಅವಳನ್ನು ಕಳಿಸಿಕೊಡೋಣವೆಂದು ಬ್ಯಾಂಡಿನವರು ಬಂದಿದ್ದರು. ಒಂದೇ ಮನೆಯಲ್ಲಿದ್ದರೂ ತಂಗಿ ಆ ಹಾಡನ್ನು ಗೋಡೆಯಾಚೆಯಿಂದ ಚೂರುಚೂರಾಗಿ ಕೇಳಿದ್ದಳೇ ಹೊರತು ಇಡಿಯಾಗಿ ಕೇಳಿರಲಿಲ್ಲ. ಸಂಗೀತ ಅವಳ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಜಗಳದ ಬಗ್ಗೆ ಕುತೂಹಲ ಮಾತ್ರ ಬಿಟ್ಟಿರಲಿಲ್ಲ. ಕೇಳಿದಾಗಲೆಲ್ಲ ಅಕ್ಕ, "ಒಂದು ಟ್ಯೂನ್ ವಿಷಯ ಬಿಡು," ಎಂದು ಮಾತು ತೇಲಿಸುತ್ತಿದ್ದಳು.

ಈಗ ತಂಗಿ ಮೀಸೆಯಣ್ಣನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡಳು. "ಒಂದು ಟ್ಯೂನಿಗೆ ಇಷ್ಟು ವರ್ಷ ಮಾತು ಬಿಡೋದಾ?"

"ಅದು ನನ್ನ ಟ್ಯೂನು," ಎಂದ ಅವನು.

*

ಹಾಡಿಗೆ ಆಗ ಮೂರು ಭಾಗ. ಮೊದಲನೆಯದು ನಡಿಗೆಯ ಲಯದ್ದು, ಕೊನೆಯದು ಕುಣಿತದ್ದು. ನಡುವೆ ಮೀಸೆಯಣ್ಣ ಕಟ್ಟಿಕೊಟ್ಟ, ಕ್ಲಾರಿನೆಟ್ ಒಂದೇ ನುಡಿಸುವ ಇಂಪಾದ ಟ್ಯೂನು. ಮಿಲ್ಲಿನ ಕ್ಯಾಂಟೀನಿನಲ್ಲಿ ಮೊದಲ ಸಲ ನುಡಿಸಿದಾಗ ಅಡುಗೆಯವಳು ಸೌಟು ಹಿಡಿದೇ ಓಡಿಬಂದು, "ಮೂರು ಹಾಡೂ ಚೆನ್ನಾಗಿತ್ತು, ಅದರಲ್ಲೂ ಎರಡನೇದು!" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನ ಮುಖ ಸಪ್ಪಗಾಯಿತು.

"ಮೂರಲ್ಲ, ಒಂದು."

ಅದನ್ನು ಒಂದಾಗಿಸಲು ಏನೇನೋ ಮಾಡಿದಳು. ಭಾಗಗಳ ನಡುವೆ ಡ್ರಮ್ಮು ಬಾರಿಸಿ ನೋಡಿದಳು. ಮೊದಲಿನದನ್ನು ಕೊನೆಯಲ್ಲಿ ಮತ್ತೆ ತಂದಳು. "ಇದು ಸೇರಿಸಿದ್ದು, ಸೇರಿದ್ದಲ್ಲ," ಎಂದು ತಾನೇ ತಲೆಯಾಡಿಸಿದಳು. ಕೊನೆಗೊಂದು ಸಂಜೆ ಮೀಸೆಯಣ್ಣನ ಮುಂದೆ ಬಂದು ನಿಂತಳು.

"ನಿಮ್ಮ ಟ್ಯೂನ್ ತೆಗೀಬೇಕು."

"ಎಲ್ಲರಿಗೂ ಇಷ್ಟವಾದದ್ದನ್ನೇ?"

"ಅದಕ್ಕೇ. ಅದರ ಮುಂಚಿನದೆಲ್ಲ ಅದು ಬರಲಿ ಅಂತ ಕಾಯ್ತಿರುತ್ತೆ. ಆಮೇಲಿನದೆಲ್ಲ ಅದು ಹೋಯ್ತಲ್ಲ ಅಂತ ಮುಖ ಊದಿಸಿಕೊಂಡಿರುತ್ತೆ."

ಆಗಿನ್ನೂ ಇದ್ದ ಮೀಸೆ ಅದುರಿತು. ಕ್ಲಾರಿನೆಟ್ ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡು ಹೋದವನು ಬ್ಯಾಂಡಿನತ್ತ ಮತ್ತೆ ತಲೆ ಹಾಕಲಿಲ್ಲ.

ಆ ಚಳಿಗಾಲವಿಡೀ ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಅದದೇ ನಾಲ್ಕೈದು ಸ್ವರಗಳನ್ನು ಒತ್ತುತ್ತಿದ್ದಳು. "ಸಾಕು ಮಾಡಕ್ಕ, ತಲೆ ಚಿಟ್ಟು ಹಿಡೀತು!" ಎಂದು ತಂಗಿ ಗೋಡೆ ಗುದ್ದಿದರೆ ಅಕ್ಕ ಅತ್ತಲಿಂದ ನಗುತ್ತಿದ್ದಳು.

*

ಅಕಾರ್ಡಿಯನ್ ನುಡಿಸುವವಳು ಮಲಗಿದ್ದಳು. ಟ್ರಂಪೆಟ್, ಪಿಟೀಲು, ಡ್ರಮ್ಮುಗಳಿಂದಲೇ ಹಾಡು ಶುರುವಾಯಿತು. ತಂಗಿ ಬ್ಯಾಂಡನ್ನು ನೋಡದೆ ಪಕ್ಕದವನನ್ನೇ ನೋಡುತ್ತ ಕೂತಳು. ಮೊದಮೊದಲು ಅವನು ಗದ್ದ ಎತ್ತಿ ಸೂರು ದಿಟ್ಟಿಸುತ್ತಿದ್ದ. ಆಮೇಲೆ ಹುಬ್ಬು ಗಂಟಿಕ್ಕಿತು. ಬೆರಳುಗಳು ಮೊಣಕಾಲ ಮೇಲೆ ಆಡತೊಡಗಿದವು.

"ಏನಾಯ್ತು?" ಪಿಸುಗುಟ್ಟಿದಳು.

"ಡ್ರಮ್ಮು ಕೇಳಿ. ಎರಡು ಉದ್ದ, ಮೂರು ಗಿಡ್ಡ. ಅದು ನನ್ನ ಟ್ಯೂನಿನ ನಡೆ." ಸ್ವಲ್ಪ ತಡೆದು ಮುಂದಕ್ಕೆ ಬಗ್ಗಿದ. "ಈಗ ಟ್ರಂಪೆಟ್... ನಾನು ಹತ್ತಿದ ಕಡೆ ಅದು ಇಳೀತಿದೆ. ತಲೆಕೆಳಗು ಮಾಡಿಬಿಟ್ಟಿದ್ದಾಳೆ ನಿಮ್ಮಕ್ಕ!"

ತಂಗಿ ಕಿವಿಗೊಟ್ಟಳು. ಹೌದು, ಪಿಟೀಲಿನಲ್ಲೂ ಅದೇ, ನಿಧಾನವಾಗಿ, ನಿದ್ದೆಗಣ್ಣಿನ ಹಾಗೆ. ಕುಣಿತದಲ್ಲೂ ಅದೇ, ಅವಸರವಸರವಾಗಿ. ಒಮ್ಮೆ ಗುರುತು ಸಿಕ್ಕ ಮೇಲೆ ಅದು ಎಲ್ಲಿ ಅಡಗಿದರೂ ಕಿವಿಗೆ ಬೀಳುತ್ತಿತ್ತು. ಯಾರೋ ಪರಿಚಿತರು ಬಟ್ಟೆ ಬದಲಿಸಿ ಬದಲಿಸಿ ಬಂದಂತೆ.

ಹಾಡು ಮುಗಿದದ್ದೇ ಮೀಸೆಯಣ್ಣ ಫಿಟ್ಟರನ ಮೇಲೆ ರೇಗಿದ. "ಯಾಕೆ ನನಗೆ ಯಾರೂ ಹೇಳ್ಲಿಲ್ಲ?"

"ಹೇಳ್ಬಿಡ್ಲಾ ಅಂತ ನಾನೇ ಕೇಳಿದ್ದೆ. 'ಬೇಡ, ಹೇಳಿದ್ರೆ ತಮ್ಮದನ್ನೇ ಹುಡುಕ್ತಾ ಕೂರ್ತಾರೆ, ಹಾಡು ಕೇಳಲ್ಲ. ತಾವಾಗೇ ಬಂದು ಕೇಳಲಿ' ಅಂದ್ರು ಆಪರೇಟರಮ್ಮ. ಪ್ರತಿ ವರ್ಷ ಹೇಳಿ ಕಳಿಸ್ತಿದ್ರಲ್ಲ, ಬನ್ನಿ ಅಂತ?"

ಮೀಸೆಯಣ್ಣ ಅಕ್ಕನ ಬಳಿ ಹೋಗಿ ನಿಂತು, "ನನ್ನ ಟ್ಯೂನು ಇಡಿಯಾಗಿ ಒಂದ್ಸಲಾನೂ ಬರಲ್ವಲ್ಲಮ್ಮ," ಎಂದ. ಅದು ದೂರೋ ದುಃಖವೋ ತಂಗಿಗೆ ತಿಳಿಯಲಿಲ್ಲ.

*

ಸ್ಮಶಾನದಲ್ಲಿ ಎಲ್ಲ ಮುಗಿದು ಜನ ವ್ಯಾನಿನತ್ತ ಹೊರಟರು. ಗೇಟಿನ ಬಳಿ ತಂಗಿ ಮೀಸೆಯಣ್ಣನನ್ನು ತಡೆದಳು.

"ಇಡಿಯಾಗಿ ಹೇಗಿತ್ತು ನಿಮ್ಮ ಟ್ಯೂನು? ನಾನು ಕೇಳ್ಬೇಕು."

"ಕ್ಲಾರಿನೆಟ್ ಎಲ್ಲಿದೆ ಈಗ?"

"ಬಾಯಲ್ಲೇ ಹೇಳಿ."

ಅವನು ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು ಗುನುಗಿದ. ಎರಡು ಉದ್ದ, ಮೂರು ಗಿಡ್ಡ. ಟ್ಯೂನು ಮೇಲೆ ಹತ್ತಿತು, ಹತ್ತಿದ್ದು ಮೆಲ್ಲಗೆ ತಿರುಗಿ ಟ್ರಂಪೆಟ್ ಇಳಿದ ದಾರಿಯಲ್ಲೇ ಇಳಿಯಿತು. ನಿಲ್ಲಿಸಿದ.

"ತಡೀರಿ, ಹೀಗಲ್ಲ."

ಮತ್ತೆ ಮೊದಲಿನಿಂದ ಹಿಡಿದ. ಮತ್ತೆ ಅದೇ ತಿರುವಿನಲ್ಲಿ ಅದು ಅಕ್ಕನ ಹಾಡಿಗೆ ಹೊರಳಿತು.

"ಇನ್ನೊಂದ್ಸಲ. ಈಗ ಬರುತ್ತೆ ನೋಡಿ."

ವ್ಯಾನಿನ ಚಾಲಕ ಎರಡು ಸಲ ಹಾರ್ನ್ ಹೊಡೆದ. ಆಮೇಲೆ ಎಂಜಿನ್ ಆರಿಸಿದ. ತಂಗಿ ಚಪ್ಪಲಿ ಕಳಚಿಟ್ಟು, ಗೇಟಿನ ಪಕ್ಕದ ಕಟ್ಟೆಯ ಮೇಲೆ ಕಾಲು ಮಡಚಿ ಕೂತಳು.