ಮೇಲ್ದವಡೆ ಸಾಲು, ಕೆಳದವಡೆ ಸಾಲು

ಬೇರೆಯವರು ಕೆಲಸ ಮಾಡುವುದನ್ನು ಕೂತು ನೋಡುವುದು ನನ್ನ ಕಸುಬು. ನೋಡಿದ್ದನ್ನು ಬಣ್ಣದ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ, ಚೀಟಿಯಿಂದ ಚೀಟಿಗೆ ಬಾಣ ಎಳೆಯುತ್ತೇನೆ, ಕೊನೆಗೆ ಕೆಲವು ಚೀಟಿ ಕಿತ್ತು "ಇವೆಲ್ಲ ದಂಡದ ಕೆಲಸ" ಎಂದು ಹೇಳಿ ಎದ್ದು ಬರುತ್ತೇನೆ. ಇದಕ್ಕೆ ಕಾರ್ಯವಿಧಾನದ ವಿಶ್ಲೇಷಣೆ ಅನ್ನುತ್ತಾರೆ. ನನ್ನ ಹೆಂಡತಿ ಬೇರೆ ಹೆಸರಿಟ್ಟಿದ್ದಾಳೆ. ಮಕ್ಕಳ ಮುಂದೆ ಅದನ್ನು ಹೇಳುವುದಿಲ್ಲ.

ನಾನು ಚೀಟಿ ಅಂಟಿಸಿದ ಕಡೆಯೆಲ್ಲ ಉದ್ಧಾರವೇ ಆಗಿದೆ. ಒಂದು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಕೆಲಸ ಎಷ್ಟು ಚುರುಕಾಯಿತೆಂದರೆ, ಹಿಟ್ಟು ಒಳಗೆ ಬರುವ ಮೊದಲೇ ಬಿಸ್ಕತ್ತು ಹೊರಗೆ ಹೋಗುತ್ತಿತ್ತು. ನಂಬದವರು ಹೋಗಿ ಕೇಳಬಹುದು. ಕಾರ್ಖಾನೆ ಈಗ ಮುಚ್ಚಿದೆ, ಅದು ಬೇರೆ ಮಾತು.

ನನ್ನ ಅಕ್ಕ, ಭಾವ ಹಲ್ಲಿನ ಸೆಟ್ಟು ಮಾಡುತ್ತಾರೆ. ಬಾಯಿಗೆ ಕೂರಿಸುವುದು ಡಾಕ್ಟರು. ಕೂರಿಸುವ ಹಲ್ಲು ತಯಾರಾಗುವುದು ಇವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಒಂದರಲ್ಲಿ ಅಕ್ಕ ಮೇಣದ ವಸಡಿನ ಮೇಲೆ ಒಂದೊಂದೇ ಹಲ್ಲು ನೆಡುತ್ತಾಳೆ. ಇನ್ನೊಂದರಲ್ಲಿ ಭಾವ ಅದನ್ನು ಅಚ್ಚಿಗೆ ಹಾಕಿ ಬೇಯಿಸಿ, ಅಚ್ಚು ಒಡೆದು, ತಿರುಗುವ ಚಕ್ರಕ್ಕೆ ಹಿಡಿದು ಹೊಳಪು ಕೊಡುತ್ತಾರೆ. ಕೆಲಸವೆಲ್ಲ ಹೆಚ್ಚುಕಡಿಮೆ ಒಬ್ಬರೇ ದೊಡ್ಡ ಡಾಕ್ಟರಿಂದ ಬರುತ್ತಿತ್ತು. ಆ ಡಾಕ್ಟರು ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಪ್ರತಿ ಸಲವೂ ತಡ ಮಾಡುತ್ತೀರಿ, ಶುಕ್ರವಾರ ಸಂಜೆಗೆ ಸೆಟ್ಟುಗಳು ಬರದಿದ್ದರೆ ಇನ್ನು ಮುಂದೆ ಬೇರೆ ಲ್ಯಾಬು ನೋಡಿಕೊಳ್ಳುತ್ತೇನೆ. ಅವರು ಕೈಬಿಟ್ಟರೆ ಅಕ್ಕ ಲ್ಯಾಬಿಗೆ ಬೀಗ ಹಾಕಬೇಕಾಗಿತ್ತು.

ಅಕ್ಕ ನನ್ನನ್ನು ಕರೆಯಲಿಲ್ಲ. ಸುದ್ದಿ ಕಿವಿಗೆ ಬಿತ್ತು, ನಾನೇ ಚೀಟಿಗಳ ಕಟ್ಟು ಹಿಡಿದು ಹೋದೆ.

"ಯಾಕ್ ಬಂದೆ?" ಅಂದಳು, ಬಾಗಿಲಲ್ಲೇ.

"ಸಹಾಯಕ್ಕೆ."

"ಊಟ ಮಾಡ್ಕೊಂಡು ಹೋಗು. ಅಷ್ಟು ಸಹಾಯ ಸಾಕು."

ಊಟ ಮಾಡಿದೆ, ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಭಾವನ ಪಕ್ಕ ಕೂತು ನೋಡತೊಡಗಿದೆ. ನೋಡಿದಷ್ಟೂ ಹೊಟ್ಟೆ ಉರಿಯಿತು. ಒಬ್ಬೊಬ್ಬ ರೋಗಿಗೂ ಒಂದೊಂದು ಟ್ರೇ, ಟ್ರೇ ಮೇಲೆ ಹೆಸರು. ಅದರಲ್ಲಿ ಮೇಲ್ದವಡೆ, ಕೆಳದವಡೆ ಎರಡೂ ಹೊಸ ಜೋಡಿಯ ಹಾಗೆ ಎಲ್ಲಿಗೆ ಹೋದರೂ ಒಟ್ಟಿಗೇ. ಭಾವ ಮೇಲಿನದಕ್ಕೆ ಹೊಳಪು ಕೊಟ್ಟು, ಚಕ್ರ ಬಿಚ್ಚಿ ಸಣ್ಣದನ್ನು ಹಾಕಿ ಕೆಳಗಿನದಕ್ಕೆ ಕೊಡುತ್ತಿದ್ದರು. ಮುಂದಿನ ಟ್ರೇಗೆ ಮತ್ತೆ ಹಳೇ ಚಕ್ರ. ಹಲ್ಲಿಗೆ ತಗಲುವುದಕ್ಕಿಂತ ಹೆಚ್ಚು ಹೊತ್ತು ಚಕ್ರ ಬದಲಿಸುವುದಕ್ಕೇ ಹೋಗುತ್ತಿತ್ತು.

ಅಡುಗೆಮನೆ ಗೋಡೆಯವರೆಗೂ ಚೀಟಿ ಅಂಟಿಸಿ ನಕ್ಷೆ ಬರೆದೆ. ಮೇಲ್ದವಡೆಗಳದೇ ಒಂದು ಸಾಲು, ಕೆಳದವಡೆಗಳದೇ ಇನ್ನೊಂದು. ಟ್ರೇ ಎಂಬ ಚೀಟಿ ಕಿತ್ತು ಹಾಕಿದೆ. ಹೆಸರು ಎಲ್ಲಿ ಬರೆಯೋದು ಎಂದು ಅಕ್ಕ ಕೇಳಿದಳು. ಸಾಲಿನ ಕ್ರಮವೇ ಹೆಸರು, ಮೊದಲ ಮೇಲ್ದವಡೆಗೆ ಮೊದಲ ಕೆಳದವಡೆ, ಎರಡನೆಯದಕ್ಕೆ ಎರಡನೆಯದು ಎಂದು ತಿಳಿಸಿ ಹೇಳಿದೆ. ಅಕ್ಕ ಭಾವನ ಮುಖ ನೋಡಿದಳು. ಭಾವ ನೆಲ ನೋಡಿದರು. ಒಪ್ಪಿಗೆ ಅಂತ ನಾನು ತಿಳಿದುಕೊಂಡೆ.

ಮತ್ಸರದವರು ಏನಾದರೂ ಹೇಳಲಿ, ಕೆಲಸ ಓಡಿತು. ಚಕ್ರ ಸುಸ್ತಾಗಿ ನಿಟ್ಟುಸಿರು ಬಿಡುವಷ್ಟು ಓಡಿತು. ಶುಕ್ರವಾರ ಮಧ್ಯಾಹ್ನಕ್ಕೇ ಎರಡೂ ಸಾಲು ಮೇಜಿನ ಮೇಲೆ ಮಿರಮಿರ ಮಿಂಚುತ್ತ ಕೂತಿದ್ದವು. ಅಕ್ಕ, ಎಷ್ಟೋ ದಿನದ ಮೇಲೆ ಗೆಲುವಾಗಿ, ಡಾಕ್ಟರ ಆಸ್ಪತ್ರೆಗೆ ಹೊರಡಲೆಂದು ಮುಖ ತೊಳೆಯಲು ಹೋದಳು. ಉಳಿದದ್ದು ಸೋಪಿನ ನೀರಲ್ಲಿ ತೊಳೆಯುವುದೊಂದೇ.

ಭಾವ ಒಂದು ಎತ್ತಿದರು, ತೊಳೆದರು, ಒರೆಸಿದರು, ಅದೇ ಜಾಗದಲ್ಲಿಟ್ಟರು. ಇನ್ನೊಂದು ಎತ್ತಿದರು. ನನಗೆ ತಡೆಯಲಾಗಲಿಲ್ಲ. ಇಷ್ಟು ಓಡಿದ ಕೆಲಸ ಕೊನೆಗೆ ಬಂದು ಕುಂಟುವುದೇ? ಬಚ್ಚಲಿಂದ ನೀಲಿ ಪ್ಲಾಸ್ಟಿಕ್ ಟಬ್ಬು ತಂದು, ಸೋಪು ಕಲಸಿ, ಎರಡೂ ಸಾಲನ್ನು ಎರಡೂ ತೋಳಿನಿಂದ ಬಾಚಿ ಅದಕ್ಕೆ ಸುರಿದು ಗರಗರ ತಿರುಗಿಸಿದೆ.

ಭಾವ ಒಂದೇ ಮಾತು ಕೇಳಿದರು: "ಸಾಲು?"

ನಾನು ಟಬ್ಬಿನೊಳಗೆ ನೋಡಿದೆ. ಅಷ್ಟೂ ಜನ ನನ್ನನ್ನೇ ನೋಡಿ ನಗುತ್ತಿದ್ದರು.

ಭಾವ ಮೇಲಿನದಕ್ಕೆ ಕೆಳಗಿನದನ್ನು ಕಚ್ಚಿಸಿ ಕಚ್ಚಿಸಿ, ಹೇಗೋ ಜೋಡಿಯೇನೋ ಮಾಡಿದರು. ಯಾವ ಜೋಡಿ ಯಾರ ಬಾಯಿಯದು ಅನ್ನುವುದು ಮಾತ್ರ ದೇವರಿಗೇ ಗೊತ್ತು. ಅಕ್ಕ ಬಂದಳು, ವಿಷಯ ಕೇಳಿದಳು. ನಕ್ಷೆಯಲ್ಲಿ ತಪ್ಪಿಲ್ಲ, ತೊಳೆಯುವುದಕ್ಕೆ ಇನ್ನೂ ಚೀಟಿ ಅಂಟಿಸಿರಲಿಲ್ಲ ಅಷ್ಟೇ ಎಂದು ವಿವರಿಸಿದೆ. ಅವಳು ಟಬ್ಬಿನೊಳಗೆ ಇಣುಕಿದಳು.

"ಬಾಯಿ ಇರೋರೆಲ್ಲ ಆಸ್ಪತ್ರೇಲೇ ಹಲ್ಲಿಗೆ ಕಾದು ಕೂತಿರ್ತಾರೆ," ಅಂದಳು. "ಟಬ್ ಎತ್ಕೋ."

ಆಸ್ಪತ್ರೆಯ ಹಜಾರದಲ್ಲಿ ಗೋಡೆಯುದ್ದಕ್ಕೂ ಬೊಚ್ಚುಬಾಯಿಗಳು ಕಾಯುತ್ತಿದ್ದವು. ಡಾಕ್ಟರು ಒಳಗೆ ಯಾರದೋ ಹಲ್ಲು ಕೀಳುತ್ತಿದ್ದರು. ಅವರು ಹೊರಗೆ ಬರುವುದರೊಳಗೆ ಎಲ್ಲ ಮುಗಿಯಬೇಕು. ಅಕ್ಕ ಬಲು ವಿನಯದಿಂದ, ಈ ಸಲ ಹೊಸ ಏರ್ಪಾಡು, ನಿಮ್ಮ ನಿಮ್ಮ ಹಲ್ಲು ನೀವೇ ನೋಡಿ ತಗೋಬಹುದು ಅಂದಳು. ಔಷಧಿ ನೀರು ತುಂಬಿದ ಟಬ್ಬು ಹಿಡಿದು ನಾನು ಒಬ್ಬೊಬ್ಬರ ಮುಂದೂ ಬಗ್ಗಿದೆ. ಒಬ್ಬರು ಉಗುಳಿದ್ದನ್ನು ತೊಳೆದು ಇನ್ನೊಬ್ಬರಿಗೆ ಕೊಡುವುದು ನನ್ನ ಪಾಲಿಗೆ ಬಂದ ಕೆಲಸ.

ಚಪ್ಪಲಿ ಅಂಗಡಿಯಲ್ಲೂ ಅಂಥ ಸಡಗರ ನಾನು ಕಂಡಿಲ್ಲ. ಸಂಗೀತದ ಮೇಷ್ಟ್ರು ಒಂದು ಸೆಟ್ಟು ಹಾಕಿಕೊಂಡು ಸ್ವರ ಹಿಡಿದು ನೋಡಿ, ಶ್ರುತಿ ಸೇರುತ್ತಿಲ್ಲವೆಂದು ವಾಪಸು ಕೊಟ್ಟರು. ಗಂಡ ಹೆಂಡತಿ ಜೋಡಿಯೊಂದಿತ್ತು; ಹೆಂಡತಿಯ ಹಲ್ಲು ಗಂಡನ ಬಾಯಿಗೆ ಕೂತದ್ದೇ ತಡ, ಆತ ತನ್ನನ್ನು ತಾನೇ ಬೈದುಕೊಳ್ಳಲು ಶುರುಮಾಡಿದ. ಕಿತ್ತ ಮೇಲೇ ಸುಮ್ಮನಾದದ್ದು. ಹೇಗೋ ಒಬ್ಬೊಬ್ಬರದೇ ಲಟಕ್ಕನೆ ಹಿಡಿದು ಕೂತಿತು.

ಕೊನೆಗೆ ಉಳಿದವರು ಇಬ್ಬರು. ಒಬ್ಬರು ರಿಟೈರಾದ ಜಡ್ಜು, ಇನ್ನೊಬ್ಬರು ಡಾಕ್ಟರ ಅಮ್ಮ. ಆ ತಾಯಿಗೆ ಮಗ ಮಾಡಿಸಿಕೊಟ್ಟ ಯಾವ ಸೆಟ್ಟೂ ಇವತ್ತಿನವರೆಗೆ ಹಿಡಿಸಿರಲಿಲ್ಲ. ಎಲ್ಲ ಒತ್ತುತ್ತವೆಂದು ಬೀರುವಿನಲ್ಲಿ ಎಸೆದಿದ್ದರು. ಅವರು ಅಕ್ಕನ ಕೈ ಮುಂದೆ ಬರುವ ಮೊದಲೇ ಟಬ್ಬಿನಿಂದ ಒಂದು ಜೋಡಿ ಕಸಿದು ಬಾಯಿಗಿಟ್ಟುಕೊಂಡರು.

ಅಕ್ಕ ನನ್ನ ಕಿವಿಯಲ್ಲಿ, "ಅದು ಜಡ್ಜ್ ಅವರದು ಕಣೋ. ಅಷ್ಟಗಲ ಹಲ್ಲು ನಾನು ಅವರಿಗೊಬ್ಬರಿಗೇ ನೆಟ್ಟಿದ್ದು," ಅಂದಳು.

ಅಷ್ಟರಲ್ಲಿ ಜಡ್ಜು ಉಳಿದ ಪುಟ್ಟ ಸೆಟ್ಟನ್ನು ತೊಟ್ಟುಕೊಂಡು ಬಾಲವಾಡಿಯ ಮಗುವಿನ ಹಾಗೆ ನಕ್ಕರು. ಒಳಗಿನ ಬಾಗಿಲು ತೆರೆಯಿತು. ಡಾಕ್ಟರು ನನ್ನನ್ನು, ಟಬ್ಬನ್ನು, ಅದರಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದರು. ಅಕ್ಕನ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯಿತು. ಉಗುರು ಚುಚ್ಚಿದ ಗುರುತು ಇನ್ನೂ ಇದೆ.

"ಏನಿದೆಲ್ಲ?" ಅಂದರು.

"ನೀನು ಸ್ವಲ್ಪ ಬಾಯಿ ಮುಚ್ಚು," ಅಂದರು ಅವರ ಅಮ್ಮ. ಚೀಲದಿಂದ ಸೇಬೊಂದನ್ನು ತೆಗೆದು ಕಚ್ಚುತ್ತಿದ್ದರು. ಕಚ್ಚಿದರು, ಅಗಿದರು, ನುಂಗಿದರು. "ಇಷ್ಟು ವರ್ಷಕ್ಕೆ ನಿಂಗೆ ಹಲ್ಲು ಮಾಡ್ಸೋಕೆ ಬಂತು ನೋಡು."

ಡಾಕ್ಟರು ಅಮ್ಮನ ಬಾಯಿ ಬಿಡಿಸಿ ನೋಡಿದರು. ಆಮೇಲೆ ಜಡ್ಜರ ಬಾಯಿ ನೋಡಿದರು. ಓದಿದ ಮನುಷ್ಯ, ಎಲ್ಲ ಅರ್ಥವಾಯಿತು. ಬಿಚ್ಚಿಸಿ ಬದಲಾಯಿಸುವುದಕ್ಕೆ ಕೈ ಮುಂದೆ ಮಾಡಿದರು, ಅಮ್ಮನ ಕಣ್ಣು ನೋಡಿ ಹಿಂದಕ್ಕೆ ಎಳೆದುಕೊಂಡರು. ತಮ್ಮದೇನಾದರೂ ತಕರಾರು ಇದೆಯೇ ಎಂದು ಜಡ್ಜರನ್ನು ಕೇಳಿದರು. "ಮನೆಯವರೆಲ್ಲ ನನ್ನ ನಗು ನೋಡಿದರೆ ಹೆದರುತ್ತಿದ್ದರು, ಇದು ಪರವಾಗಿಲ್ಲ, ಹೀಗೇ ಇರಲಿ" ಎಂದು ಜಡ್ಜು ತೀರ್ಪು ಕೊಟ್ಟರು.

ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದರು. "ಸೋಮವಾರ ಹೊಸ ಕೆಲಸ ಕಳಿಸ್ತೀನಿ. ಅಮ್ಮನ ಹತ್ರ ಏನೂ ಬಾಯಿಬಿಡಬೇಡಿ." ಆಮೇಲೆ ನನ್ನ ಕಡೆ ತಿರುಗಿ, "ಇವರು ಯಾರು?"

ನಾನು ಗಂಟಲು ಸರಿಮಾಡಿಕೊಂಡೆ. ನನ್ನ ಕೆಲಸದ ಬಗ್ಗೆ ಹೇಳಬೇಕಾದದ್ದು ಸಾಕಷ್ಟಿತ್ತು.

"ಟಬ್ ಹೊರೋರು," ಅಂದಳು ಅಕ್ಕ.

ಮುಂದಿನ ಸಲ ಇವರು ಬರೋದು ಬೇಡ ಎಂದರು ಡಾಕ್ಟರು. ಆಗಲಿ ಎಂದಳು ಅಕ್ಕ. ನಾನು ನೀರು ತುಳುಕದ ಹಾಗೆ ಟಬ್ಬು ಎತ್ತಿಕೊಂಡು ಅವಳ ಹಿಂದೆ ಹೊರಟೆ.