ನಕಾಶೆ ಕಂಡ ದಾರಿ

ಅಗಲದ ಟೈರೋ, ತೆಳ್ಳನೆ ಟೈರೋ ಎಂದು ಗೆಳೆಯ ಮದನ್ ಒಂದು ತಿಂಗಳು ನನ್ನ ತಲೆ ತಿಂದ. ಅವನಪ್ಪ ಗುರುಮಲ್ಲಪ್ಪ ನಂಜನಗೂಡಿನ ರಸ್ತೆ ಕಂಟ್ರಾಕ್ಟರು. ಮಗನಿಗೆ ಹೊಸ ಜೀಪು ಕೊಡಿಸಿದ್ದರು. ಅಗಲದ್ದು ಕೆಸರಿನ ಮೇಲೆ ತೇಲುತ್ತದಂತೆ, ತೆಳ್ಳನೆಯದು ಕೆಸರು ಸೀಳಿ ಗಟ್ಟಿ ನೆಲ ಹಿಡಿಯುತ್ತದಂತೆ. ಹೆಣ್ಣು ನೋಡಲು ಹೋದಾಗ ಐದೇ ನಿಮಿಷಕ್ಕೆ ಒಪ್ಪಿಕೊಂಡವನು ಇವನು! ಕೊನೆಗೆ, ನೋಡಲು ಗತ್ತಾಗಿದೆ ಎಂದು ಅಗಲದ್ದನ್ನೇ ಹಾಕಿಸಿದ.

ಭಾನುವಾರ ಕವಲಂದೆ ದಾಟಿ ಎರೆಮಣ್ಣಿನ ಗಾಡಿ ಜಾಡಿಗೆ ಜೀಪು ಇಳಿಸಿದೆವು. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿನ ಸಂದಿಗೆಲ್ಲ ಮಣ್ಣು ಮೆತ್ತಿಕೊಂಡು ಹೂತು ನಿಂತಿತು. ಟ್ರ್ಯಾಕ್ಟರಿನಲ್ಲಿ ಬಂದ ಚೆಲುವಯ್ಯ ಎಂಬ ರೈತರು ಹಗ್ಗ ಕಟ್ಟಿ ಎಳೆದು ಹಾಕಿದರು.

"ಇಲ್ಲಿಗ್ಯಾಕ್ ಬಂದ್ರಿ ಸಾ?"

"ಆಫ್‌ರೋಡಿಂಗ್‌ಗೆ. ಅಂದ್ರೆ, ರೋಡ್ ಇಲ್ದಿರೋ ಕಡೆ ಗಾಡಿ ಓಡ್ಸೋದು," ಎಂದ ಮದನ್.

ಚೆಲುವಯ್ಯ ನಕ್ಕರು. "ರೋಡಿಲ್ಲ ಅನ್ಬೇಡಿ ಸಾ. ಇದು ನಕಾಶೆ ಕಂಡ ದಾರಿ ಅಂತ ಸರ್ವೆಯವ್ರೇ ಬರ್ದವ್ರೆ. ಎರಡ್ ಸಲ ಡಾಂಬರೂ ಆಕವ್ರಂತೆ, ಫೈಲ್‌ನಲ್ಲಿ. ನಕಾಶೆ ಕಂಡದೆ, ಫೈಲೂ ಕಂಡದೆ, ನಾವೇ ಕಂಡಿಲ್ಲ. ಯಾರೋ ಗುರುಮಲ್ಲಪ್ಪ ಅನ್ನೋ ಪುಣ್ಯಾತ್ಮರು ಮಾಡ್ಸುದ್ದು."

ನಾನು ಮದನ್ ಮುಖ ನೋಡಿದೆ. ಅವನು ಟೈರು ನೋಡುತ್ತಿದ್ದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದ:

"ಅಪ್ಪನ ರೋಡಿಗೆ ತೆಳ್ಳನೆ ಟೈರೇ ಸರಿ ಕಣೋ."